ಸ್ವಲ್ಪ ಏಳ್ತೀರಾ

ಮೊನ್ನೆ ಮಂಡ್ಯದ ಮಾರ್ಕೆಟ್ಟಿನಲ್ಲಿ ಒಂದು ಹಸು ನನ್ನ ದಾರಿಗೆ ಅಡ್ಡ ನಿಂತಿತ್ತು. ನನ್ನ ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಛತ್ರಿ. ಎಡಕ್ಕೆ ಹೋದರೆ ಚರಂಡಿ, ಬಲಕ್ಕೆ ಹೋದರೆ ಟೊಮೆಟೊ ರಾಶಿ. ನಾನು ಹಸುವಿನ ಮುಖ ನೋಡಿ, "ಸ್ವಲ್ಪ ಸರ್ಕೊಳ್ತೀರಾ?" ಎಂದೆ.

ಟೊಮೆಟೊ ಮಾರುತ್ತಿದ್ದ ಹೆಂಗಸು ತಕ್ಕಡಿ ಕೆಳಗಿಟ್ಟು ನಕ್ಕಳು. "ಯವ್ವಾ, ದನುಕ್ಕೆ ಮರ್ವಾದೆ ಕೊಟ್ಟು ಮಾತಾಡೋರ್ನ ಇವತ್ತೇ ನೋಡಿದ್ದು ಕಣವ್ವ. ಏಯ್ ಅನ್ನಿ, ಓಯ್ತದೆ." ನಾನು ಬಾಯಿ ತೆರೆಯುವುದರೊಳಗೆ ಅವಳೇ, "ಏಯ್, ನಡ್ಯೇ ಅತ್ಲಾಗೆ!" ಎಂದು ಗದರಿದಳು. ಹಸು ಹೋಯಿತು. ನಾನು "ಥ್ಯಾಂಕ್ಸ್" ಎಂದೆ. ಅವಳಿಗೆ ಹೇಳಿದೆನೋ ಹಸುವಿಗೆ ಹೇಳಿದೆನೋ ನನಗೂ ಸ್ಪಷ್ಟವಿರಲಿಲ್ಲ.

ಮನೆಗೆ ಬಂದು ಇದನ್ನು ಹೇಳಿದರೆ ನಮ್ಮ ಯಜಮಾನರು ಅರ್ಧ ಗಂಟೆ ನಕ್ಕರು. ನಾನೂ ನಕ್ಕೆ. ಆಮೇಲೆ ಸೊಪ್ಪು ಬಿಡಿಸುತ್ತಾ ಕೂತಾಗ ನಗು ಎಲ್ಲಿ ಹೋಯಿತೋ ಹೋಯಿತು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಹದಿನೇಳು ವರ್ಷವಾಯಿತು. ಅದಕ್ಕೂ ಮೊದಲು ಕನ್ನಡದಲ್ಲಿ ಎಂ.ಎ. ಮಾಡಿದ್ದೆ. ಉಪನ್ಯಾಸಕಿಯಾಗಬೇಕೆಂದು ಹೊರಟವಳು ಟಿಕೆಟ್ ಹರಿಯುವ ಕೆಲಸಕ್ಕೆ ಬಂದೆ. "ಎರಡೂ ಒಂದೇ ಬುಡು. ಎರಡ್ರಲ್ಲೂ ನಿಂತ್ಕಂಡು ಮಾತಾಡ್ಬೇಕು, ಕುಂತಿರೋರು ಕೇಳಿಸ್ಕಳಲ್ಲ," ಎಂಬುದು ನಮ್ಮ ಯಜಮಾನರ ಅಭಿಪ್ರಾಯ.

ಇನ್ನೊಬ್ಬರ ಬಳಿ ಏನನ್ನಾದರೂ ಕೇಳುವುದನ್ನು ನನಗೆ ಕಲಿಸಿದ್ದು ನಮ್ಮವ್ವ. ಆತಗೂರಿನ ಹತ್ತಿರದ ಒಂದು ಸಣ್ಣ ಹಳ್ಳಿ ನಮ್ಮದು. ಹಾಲಿಗೆ ಹೆಪ್ಪು ಹಾಕಲು ಒಂದು ತೊಟ್ಟು ಮೊಸರೂ ಉಳಿಯದ ದಿನ ಪಕ್ಕದ ದೊಡ್ಡವ್ವನ ಮನೆಗೆ ಯಾರಾದರೂ ಬಟ್ಟಲು ಹಿಡಿದು ಹೋಗಬೇಕಿತ್ತು. ನನ್ನ ತಮ್ಮ ಕುಮಾರ ಹೋದರೆ ಬೀದಿಯಲ್ಲೇ ನಿಂತು, "ದೊಡ್ಡವ್ವಾ, ಎಪ್ಪು ಕೊಡು!" ಎಂದು ಕೂಗುತ್ತಿದ್ದ. ದೊಡ್ಡವ್ವ, "ಬಂದ ನೋಡು ಸಾಹುಕಾರ," ಎಂದು ಬೈದು ಬಟ್ಟಲ ತುಂಬ ಮೊಸರು ಹಾಕಿ ಕಳಿಸುತ್ತಿದ್ದರು. ನಾನು ಹೋಗುವಾಗ ಮಾತ್ರ ಅವ್ವ ಬಾಗಿಲವರೆಗೂ ಬಂದು ಪಾಠ ಹೇಳುತ್ತಿದ್ದಳು. "ಓದೇಟ್ಗೆ ಕೇಳ್ಬುಡಬ್ಯಾಡ. ಬಾಗ್ಲತ್ರ ನಿಂತ್ಕೊ. ಏನವ್ವ ಬಂದೆ ಅಂತ ಅವ್ರೇ ಕೇಳ್ತರೆ. ಆಗ, ಒಸಿ ಎಪ್ಪು ಬೇಕಾಗಿತ್ತು ದೊಡ್ಡವ್ವ, ಇದ್ರೆ ಕೊಡಿ, ಇಲ್ದಿದ್ರೆ ಬ್ಯಾಡಿ ಅನ್ನು."

ಆಮೇಲೆ ವ್ಯಾಕರಣ ಓದುವಾಗ ನನಗೆ ಇದು ಸೋಜಿಗವೆನಿಸಿತು. ಬೇಕು ಎಂದು ಹೇಳಲು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಭೂತಕಾಲ ಬೇಕಾಗುತ್ತದೆ. ಬೇಕಾಗಿತ್ತು. ಅಂದರೆ ಬೇಕಿದ್ದದ್ದು ಯಾವಾಗಲೋ ಮುಗಿದುಹೋಗಿದೆ, ನೀವು ಕೊಡದಿದ್ದರೂ ನಷ್ಟವಿಲ್ಲ ಎಂಬಂತೆ.

ಒಂದು ದಿನ ದೊಡ್ಡವ್ವ ಯಾರೊಂದಿಗೋ ಮಾತಿನಲ್ಲಿ ಮುಳುಗಿದ್ದರು. ನಾನು ಬಾಗಿಲ ಬಳಿ ನಿಂತೆ. ಅವರು ಏನವ್ವ ಬಂದೆ ಎಂದು ಕೇಳಲೇ ಇಲ್ಲ. ಅವರ ಮೊರದಲ್ಲಿದ್ದ ರಾಗಿ ಕೇರುವುದು ಮುಗಿಯುವವರೆಗೂ ನಿಂತಿದ್ದು ಖಾಲಿ ಬಟ್ಟಲು ಹಿಡಿದು ವಾಪಸ್ಸು ಬಂದೆ. ಮಾರನೆಯ ದಿನ ಮೊಸರಿಲ್ಲವೆಂದು ಕುಮಾರ ನನ್ನ ಬೆನ್ನಿಗೆ ಗುದ್ದಿದ. ಅವ್ವ ಮಾತ್ರ ಬೈಯಲಿಲ್ಲ. "ಓಗ್ಲಿ ಬುಡು. ಆಸೆಬುರುಕಿ ಅನ್ನಿಸ್ಕಳ್ನಿಲ್ವಲ್ಲ," ಎಂದಳು. ಅವಳ ದನಿಯಲ್ಲಿ ಒಂದು ಬಗೆಯ ಸಮಾಧಾನವಿತ್ತು.

ಅಪ್ಪ ಕೇಳುತ್ತಿದ್ದುದು ಬೇರೆ ರೀತಿ. ಜಗುಲಿಯ ಮೇಲೆ ಕೂತು "ನೀರು" ಎನ್ನುತ್ತಿದ್ದ. ಅಷ್ಟೇ. ಕರ್ತೃವಿಲ್ಲ, ಕ್ರಿಯಾಪದವಿಲ್ಲ. ಚೊಂಬು ಬರುತ್ತಿತ್ತು. ಅವ್ವ ಅಪ್ಪನನ್ನು ಏನಾದರೂ ಕೇಳಬೇಕಾದರೆ ಅವನನ್ನು ಕೇಳುತ್ತಲೇ ಇರಲಿಲ್ಲ. ನನಗೆ ಹೇಳುತ್ತಿದ್ದಳು, ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ನೋಡು ಪದ್ಮ, ಈ ಸೀರೆ ಇನ್ನೊಂದ್ ಅಬ್ಬಕ್ಕೆ ತಡೆಯಕಿಲ್ಲ." ಅಪ್ಪ ಬೀಡಿ ಸೇದುತ್ತಾ ಬೇಲಿ ನೋಡುತ್ತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲು ಹಬ್ಬದವರೆಗೂ ಕಾಯಬೇಕಿತ್ತು.

ನಮ್ಮ ಸೀಮೆಯ ಹೆಂಗಸರಿಗೆ ಬಾಯಿಲ್ಲವೆಂದು ನಾನು ಹೇಳಿದರೆ ನೀವು ನಗುತ್ತೀರಿ. ನಿಜವೇ. ನಮ್ಮಜ್ಜಿ, ಅಪ್ಪನ ತಾಯಿ, ಜಮೀನು ನೋಡಲು ಬಂದಿದ್ದ ತಹಸೀಲ್ದಾರರನ್ನೇ, "ಬಾರ್ಲಾ ಮಗ, ಮಜ್ಗೆ ಕುಡ್ಕಂಡೋಗು," ಎಂದು ಕರೆದಿದ್ದಳು. ಅವರು ನಗುತ್ತಾ ಬಂದು ಕುಡಿದು ಹೋದರು. ಆದರೆ ಅಜ್ಜಿಗೆ ಆ ಹಕ್ಕು ಬಂದದ್ದು ತಲೆ ಬೆಳ್ಳಗಾದ ಮೇಲೆ. ಲಂಗ ತೊಟ್ಟ ಹುಡುಗಿ ಹಾಗೆಂದರೆ ಮುದ್ದು, ಹಲ್ಲು ಬಿದ್ದ ಮುದುಕಿ ಹಾಗೆಂದರೆ ಪ್ರೀತಿ. ನಡುವಿನ ನಲವತ್ತು ವರ್ಷ ಹಾಗೆಂದವಳು ಬಜಾರಿ. ನಾನು ಆ ನಲವತ್ತು ವರ್ಷದೊಳಗೆ ಖಾಕಿ ಹಾಕಿಕೊಂಡು ನಿಂತವಳು.

ಬಸ್ಸಿನಲ್ಲಿ ಕಂಡಕ್ಟರಿಗೆ ದಿನವಿಡೀ ಕೇಳುವುದೇ ಕೆಲಸ. ಮುಂದೆ ಹೋಗಿ, ಚಿಲ್ಲರೆ ಕೊಡಿ, ಬಾಗಿಲು ಬಿಡಿ, ಚೀಲ ತೆಗೀರಿ. ಇವೆಲ್ಲ ಹೇಗೋ ನಡೆದುಹೋಗುತ್ತವೆ. ನಡೆಯದಿರುವುದು ಒಂದೇ: ಹೆಂಗಸರ ಸೀಟಿನಲ್ಲಿ ಕೂತ ಗಂಡಸನ್ನು ಏಳಿಸುವುದು. ಶುರುವಿನಲ್ಲಿ "ಅಣ್ಣ, ಸ್ವಲ್ಪ ಏಳ್ತೀರಾ?" ಎನ್ನುತ್ತಿದ್ದೆ. ನಮ್ಮ ಡ್ರೈವರ್ ಪುಟ್ಟಮಾದಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ತಲೆಯಾಡಿಸುತ್ತಿದ್ದರು. ಮಳವಳ್ಳಿ ಕಡೆಯವರು, ದೊಡ್ಡ ಗಂಟಲು. "ಏಳ್ತೀರಾ ಅಂತ ಕೇಳಿದ್ರೆ ಇಲ್ಲ ಅಂತನೆ ಕಣಮ್ಮಿ. ಕೇಳ್ಬ್ಯಾಡ, ಯೋಳು," ಎಂದು ಬುದ್ಧಿ ಹೇಳುತ್ತಿದ್ದರು.

ಸರ್ಕಾರ ಹೆಂಗಸರಿಗೆ ಬಸ್ಸು ಬಿಟ್ಟಿ ಎಂದ ಮೇಲೆ ಈ ಕೆಲಸ ಇನ್ನೂ ಕಷ್ಟವಾಯಿತು. ಮುಂಚೆ ನಮ್ಮ ಹೆಂಗಸರು ಸೀಟಿಗಾಗಿ ಜಗಳ ಆಡುತ್ತಿದ್ದರು. "ನಾವೂ ಕಾಸ್ ಕೊಟ್ಟಿಲ್ವಾ, ಏಳ್ಲಾ ಮ್ಯಾಕೆ," ಎಂದು ದಬಾಯಿಸುವವರಿದ್ದರು. ಈಗ ಆಧಾರ್ ಕಾರ್ಡು ತೋರಿಸಿ ಕೈಗೆ ಬಂದ ಸೊನ್ನೆ ರೂಪಾಯಿಯ ಚೀಟಿಯನ್ನು ಮಡಚಿಕೊಂಡು ಮೂಲೆಗೆ ಸರಿದು ನಿಲ್ಲುತ್ತಾರೆ. ಹತ್ತಿದ್ದಾರೆ, ಓಡಾಡುತ್ತಿದ್ದಾರೆ, ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ ಹೋಗುತ್ತಿದ್ದಾರೆ. ಅದಕ್ಕೆ ನನಗೆ ಸಂತೋಷವೇ. ಆದರೆ ಕೇಳುವ ದನಿ ಮಾತ್ರ ತಗ್ಗಿತು. ಸೀಟಿನಲ್ಲಿರುವ ಗಂಡಸಿಗೆ ಒಂದು ಹೊಸ ಮಾತು ಸಿಕ್ಕಿತು: "ಕಾಸ್ ಕೊಟ್ಟಿರೋರು ನಾವು. ಬಿಟ್ಟಿ ಬಂದೋರು ನಿಂತ್ಕಳಿ."

ಕಳೆದ ವರ್ಷ ಹೀಗೇ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಬ್ಬ ಮುದುಕಿ ಅಕ್ಕಿ ಚೀಲ ಕಾಲ ಸಂದಿಯಲ್ಲಿಟ್ಟುಕೊಂಡು ಅವರ ಪಕ್ಕದಲ್ಲೇ ತೂರಾಡುತ್ತಿದ್ದಳು. ನಾನು ಅಣ್ಣ ಎಂದೆ, ಸಾರ್ ಎಂದೆ, ದಯವಿಟ್ಟು ಎಂದೆ. ಅವರು ಕೊನೆಗೆ ನನ್ನ ಕಡೆ ತಿರುಗಿ, "ಏನಮ್ಮಿ ನಿಂದು ಗಲಾಟೆ? ಟಿಕೆಟ್ ಕೊಟ್ಟಾಯ್ತಲ್ಲ, ಓಗು ಇಂದಕ್ಕೆ," ಎಂದರು.

"ಏಳಯ್ಯ ಮೇಲೆ. ಎಷ್ಟು ಸಲ ಹೇಳೋದು ನಿಂಗೆ?" ಎಂದೆ.

ಅವರು ಎದ್ದರು. ಮುದುಕಿ ಕೂತಳು. ಅವರು ಪೆನ್ನು ತೆಗೆದು ನನ್ನ ಬಿಲ್ಲೆಯ ಸಂಖ್ಯೆ ಬರೆದುಕೊಂಡರು.

ವಾರದೊಳಗೆ ದೂರು ಬಂತು. ನಿರ್ವಾಹಕಿಯು ಪ್ರಯಾಣಿಕರನ್ನು ಸಾರ್ವಜನಿಕವಾಗಿ ಏಕವಚನದಲ್ಲಿ ನಿಂದಿಸಿದ್ದಾರೆ ಎಂದು. ನಮ್ಮ ಡಿಪೋ ಯಾವುದೆಂದು ಹೇಳುವುದಿಲ್ಲ. ಅಲ್ಲಿಯ ಮ್ಯಾನೇಜರು ಕೆಟ್ಟವರಲ್ಲ, ಕೂರಿಸಿ ಮಾತಾಡಿಸಿದರು. "ನೀವು ಓದಿದೋರು ಮೇಡಂ. ಗಂಡಸ್ರ ಬಾಯಲ್ಲಿ ಬಂದ್ರೆ ಜನ ತಲೆ ಕೆಡಿಸ್ಕೊಳಲ್ಲ. ಹೆಣ್ಮಕ್ಕಳ ಬಾಯಲ್ಲಿ ಅದು ಚೆಂದ ಕಾಣಲ್ಲ. ಒಂದು ಕ್ಷಮಾಪಣೆ ಬರೆದುಕೊಟ್ಟುಬಿಡಿ, ಇಲ್ಲಿಗೇ ಮುಗಿಸೋಣ." ಆಮೇಲೆ ಬಾಗಿಲ ಕಡೆ ನೋಡಿ, ನೆಲ ಒರೆಸುತ್ತಿದ್ದ ವಯಸ್ಸಾದ ಹೆಂಗಸಿಗೆ, "ಲೇ ನಿಂಗಿ, ಮೇಡಮ್ಮೋರಿಗೆ ನೀರ್ ತತ್ತಾ," ಎಂದರು. ಆಕೆಗೆ ಅವರ ತಾಯಿಯ ವಯಸ್ಸು.

ನಾನು ಆ ನೀರು ಕುಡಿದು ಬರೆದುಕೊಟ್ಟೆ. ಎಂ.ಎ. ಮಾಡಿದ ಮೇಲೆ ನನ್ನ ಕನ್ನಡ ಪೂರ್ತಿಯಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಒಂದು ಕಾಗುಣಿತದ ತಪ್ಪಿಲ್ಲ. "ಇನ್ನು ಮುಂದೆ ಎಲ್ಲ ಸಂದರ್ಭಗಳಲ್ಲೂ ಸೌಜನ್ಯದಿಂದ ವರ್ತಿಸುತ್ತೇನೆ" ಎಂದು ಮುಗಿಸಿದ್ದೆ. ಮ್ಯಾನೇಜರು ಓದಿ, "ಎಷ್ಟು ಚೆನ್ನಾಗಿ ಬರೀತೀರಿ ಮೇಡಂ," ಎಂದರು. ನಾಚಿಕೆಯೆಂದರೆ, ನನಗೆ ಒಂದು ಕ್ಷಣ ಹೆಮ್ಮೆಯಾಯಿತು.

ಪುಟ್ಟಮಾದಣ್ಣನಿಗೆ ಮಾತ್ರ ಇದು ಅರ್ಥವೇ ಆಗಲಿಲ್ಲ. "ನಾನು ದಿನಾ ಬಸ್ಸಿನ ತುಂಬ ಜನುಕ್ಕೆ ಲೇ ಅಂತೀನಿ ಕಣಮ್ಮಿ. ಒಬ್ನಾದ್ರೂ ಬರ್ದಾಕಿದ್ನಾ?" ಎಂದರು. ಸ್ಟೇರಿಂಗ್ ಒರೆಸುತ್ತಾ, "ಇನ್ಮೇಲೆ ನೀನು ಮಾತಾಡ್ಬ್ಯಾಡ. ವಿಸಲ್ ಒಡಿ. ನಾನ್ ನೋಡ್ಕತೀನಿ," ಎಂದರು.

ಹಾಗೆಯೇ ನಡೆಯಿತು. ಯಾರಾದರೂ ಏಳದಿದ್ದರೆ ನಾನು ಮೂರು ಸಲ ಚುಟುಕಾಗಿ ವಿಸಲ್ ಹೊಡೆಯುತ್ತಿದ್ದೆ. ಪುಟ್ಟಮಾದಣ್ಣ ಹಿಂದೆ ತಿರುಗದೆ, "ಲೇಡೀಸ್ ಸೀಟಲ್ಲಿ ಕುಂತಿರೋ ಗಂಡುಸ್ರೆಲ್ಲಾ ಏಳ್ರಲಾ ಮ್ಯಾಕೆ!" ಎಂದು ಗುಡುಗುತ್ತಿದ್ದರು. ಜನ ನಗುತ್ತಾ ಏಳುತ್ತಿದ್ದರು. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ನನ್ನ ಕೆಲಸದ ಒಂದು ಭಾಗವನ್ನು ಹೀಗೆ ಗಂಡು ದನಿಗೆ ವಹಿಸಿಕೊಟ್ಟು ನಾನು ನೆಮ್ಮದಿಯಾಗಿದ್ದೆ.

ಪುಟ್ಟಮಾದಣ್ಣ ಮಗಳ ಮದುವೆಗೆಂದು ರಜೆ ಹಾಕಿದರು. ಬದಲಿಗೆ ಬಂದವರು ಹೊಸ ಡ್ರೈವರು, ಮಾತು ಕಮ್ಮಿ, ಕಣ್ಣು ರಸ್ತೆಯ ಮೇಲೆ. ಡ್ರೈವರು ಹಾಗಿರುವುದೇ ಸರಿ. ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಬೆಳಗಿನ ಟ್ರಿಪ್ಪು, ಬಸ್ಸು ತುಂಬಿ ಬಾಗಿಲಲ್ಲಿ ಜನ.

ಮಳವಳ್ಳಿ ದಾಟಿದ ಮೇಲೆ ಒಂದು ಹಳ್ಳಿಯ ಗೇಟಿನಲ್ಲಿ ಒಬ್ಬ ಹುಡುಗಿ ಹತ್ತಿದಳು. ಬಸುರಿ, ಆರು ತಿಂಗಳಾಗಿರಬಹುದು ಎಂದು ನೋಡಿದರೇ ತಿಳಿಯುತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆಯ ಫೈಲು. ಆಧಾರ್ ಕಾರ್ಡಿನಲ್ಲಿ ಹೆಸರು ಕಾವ್ಯ ಎಂದಿತ್ತು. "ಒಬ್ಬಳೇ ಬಂದ್ಯಾ?" ಎಂದೆ. "ನಮ್ಮನೆಯವ್ರಿಗೆ ಡ್ಯೂಟಿ ಕಣಕ್ಕ. ಮಂಡ್ಯದಲ್ಲಿ ಸ್ಕ್ಯಾನಿಂಗು," ಎಂದಳು.

ಮುಂದಿನ ಹೆಂಗಸರ ಸೀಟುಗಳಲ್ಲಿ ಒಂದರ ಕಿಟಕಿಯ ಪಕ್ಕ ಮುದುಕಿಯೊಬ್ಬಳು, ಈಚೆ ಬದಿಗೆ ಐವತ್ತು ದಾಟಿದ ಒಬ್ಬ ಗಂಡಸು, ಹೆಗಲ ಮೇಲೆ ಟವಲ್ಲು. ಕಾವ್ಯ ಅವರ ಹತ್ತಿರ ಹೋಗಿ ಮೆಲ್ಲಗೆ, "ಅಣ್ಣಾ, ಒಸಿ ಜಾಗ ಆಯ್ತದಾ?" ಎಂದಳು. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ನಾನು ಹೋದೆ. "ಸಾರ್, ಬಸುರಿ ಹೆಂಗಸು. ಸ್ವಲ್ಪ ಏಳ್ತೀರಾ?"

"ಇಲ್ಲೇ ದೊಡ್ಡೀಲಿ ಇಳ್ಕತೀನಿ ಕಣಮ್ಮ."

ಸರಿ ಎಂದು ಹಿಂದಕ್ಕೆ ಟಿಕೆಟ್ ಕೊಡಲು ಹೋದೆ. ದೊಡ್ಡಿಯ ಸ್ಟಾಪು ಬಂತು. ಜನ ಇಳಿದರು, ಅದಕ್ಕಿಂತ ಹೆಚ್ಚು ಜನ ಹತ್ತಿದರು. ಆತ ಇಳಿಯಲಿಲ್ಲ. ನಾನು ಮತ್ತೆ ನೂಕಿಕೊಂಡು ಮುಂದೆ ಬರುವಷ್ಟರಲ್ಲಿ ಆತನ ಕಣ್ಣು ಮುಚ್ಚಿತ್ತು. "ಸಾರ್, ದೊಡ್ಡಿ ಹೋಯ್ತು. ದಯವಿಟ್ಟು…" ಎಂದೆ. ಕಣ್ಣು ತೆರೆಯಲಿಲ್ಲ. ಅಭ್ಯಾಸಬಲದಿಂದ ಮೂರು ಸಲ ವಿಸಲ್ ಹೊಡೆದೆ. ಹೊಸ ಡ್ರೈವರಿಗೆ ಏನು ತಿಳಿಯಬೇಕು, ನಿಲ್ಲಿಸಬೇಕೇನೋ ಎಂದುಕೊಂಡು ಸ್ವಲ್ಪ ನಿಧಾನ ಮಾಡಿ, ಏನೂ ಇಲ್ಲವೆಂದು ಮತ್ತೆ ವೇಗ ಹೆಚ್ಚಿಸಿದರು.

ಆ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಏಳಯ್ಯ ಮೇಲೆ. ಎರಡೇ ಶಬ್ದ. ಅದರ ಜೊತೆಗೇ ಮ್ಯಾನೇಜರ ಮೇಜು, ನಾನು ಬರೆದುಕೊಟ್ಟ ಹಾಳೆ, ಇನ್ನೊಮ್ಮೆ ಹೀಗಾದರೆ ನನ್ನನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ ಎಂಬ ಯೋಚನೆ. ಎಲ್ಲವೂ ಬಂದವು. ನುಂಗಿಕೊಂಡೆ. ಕಾವ್ಯ ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳುವವಳಂತೆ, "ಇರ್ಲಿ ಬುಡಿ ಕಣಕ್ಕ, ಇನ್ನೇನ್ ಮದ್ದೂರು ಬಂದ್ಬುಡ್ತು," ಎಂದಳು.

ಅದಾಗಿ ಐದು ನಿಮಿಷವೂ ಆಗಿರಲಿಲ್ಲ. ಕಬ್ಬಿನ ಟ್ರಾಕ್ಟರೊಂದು ಗದ್ದೆಯಿಂದ ರಸ್ತೆಗೆ ಏರಿತು. ಡ್ರೈವರು ಬ್ರೇಕು ಹಾಕಿದರು. ಹಾಕಲೇಬೇಕಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಕಾವ್ಯಳ ಹಿಂದೆ ಏಳೆಂಟು ಜನ. ಅವಳು ಮುಂಬಾಗಿಲ ಬಳಿಯ ಕಬ್ಬಿಣದ ಕಂಬಿಗೆ ಬಡಿದು ಕೂತುಬಿಟ್ಟಳು. ಕೂಗಲಿಲ್ಲ. "ಅವ್ವಾ" ಎಂದಷ್ಟೇ ಅಂದು ಹೊಟ್ಟೆ ಹಿಡಿದುಕೊಂಡಳು.

ಮೊದಲು ಎದ್ದವರು ಆ ಟವಲ್ಲಿನವರೇ. ಅವರೂ ನಾನೂ ಸೇರಿ ಅವಳನ್ನೆತ್ತಿ ಅದೇ ಸೀಟಿನ ಮೇಲೆ ಮಲಗಿಸಿದೆವು. ಕಿಟಕಿಯ ಮುದುಕಿ ಎದ್ದಳು. ಹಿಂದಿನ ಸೀಟಿನವರು ಎದ್ದರು, ಅದರ ಹಿಂದಿನವರೂ ಎದ್ದರು. ಬಸ್ಸಿನ ಅರ್ಧದಷ್ಟು ಸೀಟುಗಳು ಖಾಲಿಯಾಗಿ, ಜನರೆಲ್ಲ ನಿಂತರು. ಡ್ರೈವರು ಎಲ್ಲೂ ನಿಲ್ಲಿಸದೆ ಮದ್ದೂರಿನ ಆಸ್ಪತ್ರೆಯ ಕಡೆಗೆ ಓಡಿಸಿದರು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಅವಳು ತನ್ನ ಸೀರೆ ನೋಡಿಕೊಂಡಳು, ಸೀಟು ನೋಡಿದಳು.

"ಸೀಟೆಲ್ಲಾ ಗಲೀಜಾಯ್ತು ಕಣಕ್ಕ. ತಪ್ಪು ತಿಳ್ಕಬ್ಯಾಡಿ," ಎಂದಳು.

ನಾನು ಅವಳ ಸೆರಗನ್ನು ಎಳೆದು ಕಾಲಿಗೆ ಹೊದಿಸಿದೆ.

ಮಗು ಉಳಿಯಲಿಲ್ಲ. ಆಸ್ಪತ್ರೆಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗ ನರ್ಸು ಬಂದು ಹೇಳಿದರು. ಗಂಡನಿಗೆ ಫೋನು ಮಾಡಿಯಾಗಿತ್ತು, ಅವನಿನ್ನೂ ದಾರಿಯಲ್ಲಿದ್ದ. ಬಸ್ಸಿನ ಜನರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸಿದ್ದೆವು. ಟವಲ್ಲಿನವರು ಮಾತ್ರ ಹೋಗಿರಲಿಲ್ಲ. ನನ್ನ ಎದುರಿಗೆ ಬಂದು ನಿಂತರು. ಅಳುತ್ತಿದ್ದರು. ಅಷ್ಟು ವಯಸ್ಸಾದ ಗಂಡಸು ಬಯಲಿನಲ್ಲಿ ನಿಂತು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

"ನಂಗೆ ನಿದ್ದೆ ಬಂದಿರ್ನಿಲ್ಲ ಕಣಮ್ಮ. ಮಂಡಿ ನೋವು, ಅದ್ಕೆ ಸುಮ್ಕೆ ಕಣ್ ಮುಚ್ಕಂಡಿದ್ದೆ," ಎಂದರು. ಆಮೇಲೆ ಒಮ್ಮೆಲೇ ಸಿಟ್ಟು ಬಂದವರಂತೆ, "ನೀನಾದ್ರೂ ಗದರ್ಬಾರ್ದಿತ್ತಾ? ಏಳ್ಲಾ ಅಂತ ಗಟ್ಟಿಯಾಗಿ ಒಂದ್ ಮಾತು ಅಂದಿದ್ರೆ ಎದ್ಬುಡ್ತಿದ್ನಲ್ಲಮ್ಮ! ಅದೇನು ಸಾರ್ ಸಾರ್ ಅಂತ ಗುಬ್ಬಿ ಗುಬ್ಬಿ ಮಾತು? ಯಾವ್ ಸೀಮೆ ಕಂಡಕ್ಟ್ರು ನೀನು?" ಎಂದರು.

ಅವರ ಮೇಲೆ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗದರಿದ್ದರೆ ಎದ್ದು, ಆಮೇಲೆ ಅವರೂ ನನ್ನ ಬಿಲ್ಲೆಯ ಸಂಖ್ಯೆ ಬರೆದುಕೊಳ್ಳುತ್ತಿದ್ದರೋ ಏನೋ. ಅದೂ ಸುಳ್ಳಲ್ಲ. ಎರಡೂ ನಿಜವಾಗಿರುವ ಜಾಗದಲ್ಲಿ ನಾನು ನಿಂತಿದ್ದೆ.

ಡಿಪೋದಲ್ಲಿ ವರದಿ ಬರೆದೆ. ಟ್ರಾಕ್ಟರ್ ಅಡ್ಡ ಬಂದದ್ದು, ಬ್ರೇಕು ಹಾಕಿದ್ದು, ಪ್ರಯಾಣಿಕರು ಆಯತಪ್ಪಿದ್ದು. ನಿರ್ವಾಹಕಿಯಿಂದ ಲೋಪವಾಗಿಲ್ಲ ಎಂದು ತೀರ್ಮಾನವಾಯಿತು. "ನೀವು ಎರಡು ಸಲ ಕೇಳಿದ್ದೀರಲ್ಲ ಮೇಡಂ, ಅದೂ ಮರ್ಯಾದೆಯಿಂದ. ಸಾಕ್ಷಿ ಇದೆ," ಎಂದರು ಮ್ಯಾನೇಜರು. ಮದುವೆ ಮುಗಿಸಿ ಬಂದ ಪುಟ್ಟಮಾದಣ್ಣನಿಗೆ ಯಾರೋ ಎಲ್ಲವನ್ನೂ ಹೇಳಿದ್ದರು. ಅವತ್ತು ಮಂಡ್ಯದಲ್ಲಿ ಇಳಿಯುವಾಗ ಮದುವೆಯ ಲಾಡಿನ ಪೊಟ್ಟಣವನ್ನು ನನ್ನ ಕೈಗಿಟ್ಟು ಹೋದರು.

ನಾಲ್ಕು ತಿಂಗಳ ಮೇಲೆ ಅದೇ ಗೇಟಿನಲ್ಲಿ ಕಾವ್ಯ ಹತ್ತಿದಳು. ಜೊತೆಗೆ ಅವಳ ತಾಯಿ. ಹುಡುಗಿ ಸೊರಗಿಹೋಗಿದ್ದಳು, ಕುತ್ತಿಗೆಯ ಎಲುಬು ಕಾಣುತ್ತಿತ್ತು. ನನ್ನನ್ನು ಗುರುತಿಸಿ ನಕ್ಕಳು. "ಚೆನ್ನಾಗಿದ್ದೀರಾ ಅಕ್ಕ?" ಎಂದು ಅವಳೇ ಕೇಳಿದಳು. ತಾಯಿಗೆ ಹಿಂದೆ ಒಂದು ಸೀಟು ಸಿಕ್ಕಿತು. ಇವಳು ಮುಂದೆಯೇ ನಿಂತಳು. ಪಕ್ಕದ ಹೆಂಗಸರ ಸೀಟಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ಯುವಕ ಕೂತಿದ್ದ.

ನಾನು ಯೋಚಿಸಲಿಲ್ಲ. "ಏಳೋ ಮೇಲೆ!" ಎಂದೆ. ಎಷ್ಟು ಗಟ್ಟಿಯಾಗಿ ಅಂದೆನೆಂದರೆ ಪುಟ್ಟಮಾದಣ್ಣ ಕನ್ನಡಿಯಲ್ಲಿ ನೋಡಿದರು. ಯುವಕ ವೈರು ಕಿತ್ತುಕೊಂಡು ದಡಬಡಿಸಿ ಎದ್ದ. "ಬಾ ಕಾವ್ಯ, ಕೂತ್ಕೊ," ಎಂದೆ.

ಅವಳು ಸೀಟನ್ನು ನೋಡಿದಳು. ಆಮೇಲೆ ನನ್ನನ್ನು.

"ಬ್ಯಾಡಿ ಕಣಕ್ಕ. ನಂಗ್ಯಾಕೀಗ ಸೀಟು," ಎಂದಳು. ಯುವಕನ ಕಡೆ ತಿರುಗಿ, ನನ್ನ ಪರವಾಗಿ ತಾನೇ ಕ್ಷಮೆ ಕೇಳುವವಳಂತೆ, "ಕೂತ್ಕಳಿ ಅಣ್ಣ. ಅಕ್ಕ ಏನೋ ಅಂದ್ಬುಟ್ರು, ತಪ್ಪು ತಿಳ್ಕಬ್ಯಾಡಿ," ಎಂದಳು.

ಅವನು ನನ್ನನ್ನೂ ಅವಳನ್ನೂ ಒಮ್ಮೆ ನೋಡಿದ. ಕೂತ. ಕಾವ್ಯ ಕಂಬಿ ಹಿಡಿದುಕೊಂಡು ಮಂಡ್ಯದವರೆಗೂ ನಿಂತೇ ಬಂದಳು.